ರೇಡಿಯೋ ಭಾವ ಒರೆಸಿದ ಫೋನು

ರೇಡಿಯೋ ಭಾವ ಮೊಬೈಲಿನ ಗಾಜಿನ ಮೇಲೆ ಬೆರಳಾಡಿಸುವ ಮೊದಲು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿಕೊಳ್ಳುತ್ತಿದ್ದರು, ಪಂಚಾಂಗದ ಹಾಳೆ ಮಗುಚುವವರ ಹಾಗೆ. ಆ ಬೆರಳಿನ ಉಗುರು ಎಲೆಯಡಿಕೆ ಕವಳದ ರಸ ಇಳಿದು ಇಳಿದು ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಸಂದಿಯಲ್ಲಿ ಸುಣ್ಣ ಒಣಗಿ ನಿಂತಿರುತ್ತಿತ್ತು. ರಿಪೇರಿಗೆ ಕೊಟ್ಟ ಫೋನು ವಾಪಸು ಬಂದರೆ ಗಾಜಿನ ಮೇಲೆ ಕೆಂಪು ಗೆರೆಯೊಂದು ಇದ್ದೇ ಇರುತ್ತಿತ್ತು. ಹಳೇ ಬಟ್ಟೆಯ ಚೂರಿನಿಂದ ಅದನ್ನು ಉಜ್ಜಿ ತೆಗೆದು, ಚೂರನ್ನು ಒಲೆಗೆ ಹಾಕಿ ಕೈ ತೊಳೆಯುತ್ತಿದ್ದೆ.

ಮಕ್ಕಳೇ, ನಿಮಗೆ ಅವರ ನೆನಪು ಇರಲಾರದು. ನಿಮ್ಮ ಅಜ್ಜನಿಗೆ ದೂರದ ನೆಂಟರು, ನಮಗೆ ಕೂಗಳತೆಯ ನೆರೆಯವರು. ಮೊದಲು ರೇಡಿಯೋ, ಆಮೇಲೆ ಟೇಪ್ ರೆಕಾರ್ಡರ್, ಟಿ.ವಿ. ರಿಪೇರಿ ಮಾಡುತ್ತಿದ್ದವರು, ಕಡೆಗೆ ಮೊಬೈಲಿಗೂ ಕೈ ಹಾಕಿದರು. ಯಾರಲ್ಲೂ ಕಲಿತದ್ದಲ್ಲ. “ಒತ್ತಿ ನೋಡವು. ಒತ್ತದ್ದೇ ಎಂತದೂ ಗೊತ್ತಾಗ್ತಿಲ್ಲೆ” ಎನ್ನುವುದು ಅವರ ವಿದ್ಯೆ. ಸರಿಯಾದದ್ದೂ ಉಂಟು, ಕೆಟ್ಟದ್ದೂ ಉಂಟು. ಶಿರಸಿಗೆ ಹೋಗಿ ಗುರುತಿಲ್ಲದ ಗಂಡಸರ ಎದುರು ಫೋನು ಹಿಡಿದು ನಿಲ್ಲುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಅವರ ಜಗಲಿಯೇ ಗತಿ.

ಅವರ ಬಾಯಿ ಹೋಗಲಿ ಎಂದರೆ ಕಣ್ಣು ಇನ್ನೂ ಕೆಟ್ಟದ್ದು. ಯಾರ ಫೋನು ಕೈಗೆ ಬಂದರೂ ಅದರೊಳಗಿನ ಮಾತುಗಳನ್ನು ಓದುತ್ತಿದ್ದರು. ಕದ್ದು ಓದುವವರಲ್ಲ, ದೊಡ್ಡದಾಗಿ ಓದುವವರು. “ತಂಗಿ, ನಿನ್ನ ಮಗಳಿಗೆ ಜ್ವರಡ. ಕಷಾಯ ಕುಡಿಯಲೆ ಹೇಳು” ಎಂದು ರಸ್ತೆಯಿಂದಲೇ ಕೂಗಿ ಹೇಳಿದ್ದರು ಒಮ್ಮೆ. ನನಗೆ ಮೈಯೆಲ್ಲ ಉರಿಯಿತು.

ನನ್ನ ಫೋನಿನಲ್ಲಿ ಹಾಡುಗಳಿದ್ದವು. ನಮ್ಮ ಅತ್ತೆ ಹೇಳಿಕೊಟ್ಟ ಸಂಪ್ರದಾಯದ ಹಾಡುಗಳು. ಅವರ ನಂತರ ಅವು ಬಾಯಿಗೆ ಬರುವುದು ನನಗೊಬ್ಬಳಿಗೇ. ನಿಮ್ಮ ಅಜ್ಜ ಹೋದ ಮೇಲೆ ಮದುವೆ ಮುಂಜಿಗಳಲ್ಲಿ ಆರತಿ ಹಾಡಿಗೆ ನನ್ನನ್ನು ಯಾರೂ ಕರೆಯಲಿಲ್ಲ. ನಾನೂ ಹಿಂದೆ ಹಿಂದೆ ಸರಿದೆ. ಆದರೂ ನಿಮಗೆ ಮುಟ್ಟಲಿ ಎಂದು, ಬಚ್ಚಲಿನ ಬಾಗಿಲು ಹಾಕಿಕೊಂಡು, ಸಣ್ಣ ದನಿಯಲ್ಲಿ ಒಂದೊಂದೇ ಹಾಡನ್ನು ಫೋನಿಗೆ ಹೇಳಿ ಇಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ, ಕಳಿಸಿಯೂ ಇರಲಿಲ್ಲ.

ಒಂದು ಬೆಳಿಗ್ಗೆ ಫೋನು ಕೆಟ್ಟಿತು. ಕಂಪನಿಯ ಹೆಸರು ಮಿನುಗುತ್ತದೆ, ಆರುತ್ತದೆ, ಮತ್ತೆ ಮಿನುಗುತ್ತದೆ. ಅದರಿಂದ ಮುಂದೆ ಹೋಗದು. ಅದನ್ನು ಹಿಡಿದುಕೊಂಡು ಭಾವನ ಜಗಲಿಗೆ ಓಡಿದೆ.

“ಹೆದ್ರಡ, ಇದಕ್ಕೆ ರಿಕವರಿ ಇದ್ದು” ಎಂದರು ಭಾವ. “ಅದರ ಔಷಧ ಅದರ ಹೊಟ್ಟೆಲೇ ಇರ್ತು.” ಪಕ್ಕದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರು. ಗಾಜು ಕಪ್ಪಾಗಿ ಸಣ್ಣ ಸಣ್ಣ ಇಂಗ್ಲಿಷ್ ಸಾಲುಗಳು ಬಂದವು. ಅಲ್ಲಿ ಗಾಜು ಮುಟ್ಟಿದರೆ ಏನೂ ಆಗುವುದಿಲ್ಲವಂತೆ. ದನಿ ಏರಿಸಿ ಇಳಿಸುವ ಗುಂಡಿಯಿಂದ ಮೇಲೆ ಕೆಳಗೆ ಹೋಗಬೇಕು, ಇನ್ನೊಂದರಿಂದ ಆರಿಸಬೇಕು. ಆದರೂ ಅವರು ಹೆಬ್ಬೆರಳು ನೆಕ್ಕಿಕೊಳ್ಳುವುದು ಬಿಡಲಿಲ್ಲ. ಮೊದಲ ಸಾಲು ಆರಿಸಿದರು. ಫೋನು ಆರಿ ಹೊತ್ತಿ ಮತ್ತೆ ಅದೇ ಹೆಸರಿಗೆ ಬಂದು ನಿಂತಿತು. ಇನ್ನೊಂದು ಸಾಲಿಗೆ ಇಳಿದರು. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಕೂಡಿಸಿ ಓದಿದೆ.

“ವೈಪ್ ಹೇಳಿದ್ರೆ ಎಂತದು ಭಾವಾ?”

“ಒರೆಸದು. ಊಟ ಆಗಿ ಬಾಳೆ ತೆಗದಮೇಲೆ ನೀನು ಗೋಮಯ ಹಾಕಿ ಒರೆಸ್ತಿಲ್ಯಾ? ಎಂಜಲು ಹೋಗ್ತು. ನೆಲ ಎಲ್ಲಿಗೆ ಹೋಗ್ತು?”

ನನಗೂ ಅದು ಸರಿ ಎನಿಸಿತು. ಒತ್ತಿದರು. ಸ್ವಲ್ಪ ಹೊತ್ತಿಗೆ ಫೋನು ಬೆಳ್ಳಗೆ ಬೆಳಗಿ, ಯಾರೋ ಹೊಸಬರನ್ನು ಕಂಡ ಹಾಗೆ, ಯಾವ ಭಾಷೆ ಬೇಕೆಂದು ಕೇಳಿತು.

“ನೋಡು, ಮದುಮಗಳ ಹಾಂಗೆ ಆತು!” ಎಂದು ಹಲ್ಲು ಬಿಟ್ಟರು. ಹಲ್ಲಿನ ಸಂದಿಯಲ್ಲೆಲ್ಲ ಅಡಿಕೆ ಚೂರು.

“ಹಾಡು ಎಲ್ಲಿದ್ದು ಭಾವಾ?”

ಹುಡುಕಿದರು. ಜಗಿಯುವುದು ನಿಂತಿತು. “ಅಯ್ಯ... ನೆಲನೂ ಹೋತು ಕಾಣ್ತು.”

ತಮಾಷೆ ಮಾಡಿದರೋ ಏನೋ, ನನಗೆ ಅವರ ಮುಖ ನೋಡಲಾಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು.

“ಪಾಪ, ಆ ತಂಗಿ ಕಣ್ಣಲ್ಲಿ ನೀರು ತರಸ್ತಾ ಇದ್ರಿ ಎಂತಕ್ಕೆ? ಹಾಡು ಕದ್ದಿದ್ದು ಹೇಳಿ. ನಿಂಗ ದಿನಾ ಮಧ್ಯಾಹ್ನ ಕವಳ ಹಾಕ್ಯಂಡು ಕೇಳ್ತ್ರಲಿ, ಅದನ್ನ ಹೇಳಿ!”

ಹಿಂದೆ ಗಾಜು ಒಡೆದಿತ್ತೆಂದು ಫೋನು ಕೊಟ್ಟಿದ್ದಾಗ, ಸ್ಪೀಕರ್ ಸರಿಯಿದೆಯೋ ನೋಡಲು ಹಾಡು ಹಾಕಿದ್ದರಂತೆ. ಚೆನ್ನಾಗಿದೆ ಎಂದು ಎಲ್ಲವನ್ನೂ ತಮ್ಮ ಫೋನಿಗೆ ಕಳಿಸಿಕೊಂಡಿದ್ದರಂತೆ. ಬಚ್ಚಲಿನಲ್ಲಿ ನಾನು ನನಗೇ ಹೇಳಿಕೊಂಡದ್ದನ್ನು ಈ ಮನುಷ್ಯ ಚಾಪೆಯ ಮೇಲೆ ಉರುಳಿಕೊಂಡು, ಪೀಕುದಾನಿಗೆ ಉಗುಳುತ್ತ, ದಿನವೂ ಕೇಳಿದ್ದಾರೆ! ಆದರೆ ಹಾಡುಗಳು ಇನ್ನೆಲ್ಲೂ ಇರಲಿಲ್ಲ. ಅದೇ ಮನುಷ್ಯನ ಎದುರು ಕೈ ಚಾಚಿದೆ.

ಎಲ್ಲವನ್ನೂ ಕಳಿಸಿಕೊಟ್ಟರು. ನಾಚಿಕೆ ಎನ್ನುವುದು ಇದ್ದಂತೆ ಕಾಣಲಿಲ್ಲ. “ಕಡೇ ಹಾಡು ಅರ್ಧಕ್ಕೇ ನಿಂತೋಯ್ದು ತಂಗಿ. ದೋಣಿಯಂವ ನತ್ತು ಕೇಳ್ತ. ಆ ಕೂಸು ಕೊಡ್ತಾ ಇಲ್ಯಾ? ಮುಂದೆ ಹೇಳು.”

ತವರಿಗೆ ಹೊರಟ ಹುಡುಗಿ ತುಂಬಿದ ಹೊಳೆಯ ದಡದಲ್ಲಿ ನಿಂತ ಹಾಡು ಅದು. ಹೇಳುತ್ತಿದ್ದಾಗ ಯಾರೋ ಬಚ್ಚಲ ಬಾಗಿಲು ಬಡಿದಿದ್ದರಿಂದ ಅಲ್ಲಿಗೇ ಬಿಟ್ಟಿದ್ದೆ. ಆ ಬಾಯಿಯ ಎದುರು ನಾನು ಹಾಡುವುದೇ? ಸೆರಗು ಹೊದ್ದು ಎದ್ದು ಬಂದೆ. ಆಮೇಲೆ ಎಲ್ಲಿ ಕಂಡರೂ ಅವರದು ಅದೇ ಪ್ರಶ್ನೆ. ಹಾಲಿನ ಡೈರಿಯಲ್ಲಿ, ನಾಲ್ಕು ಜನರ ನಡುವೆ: “ನತ್ತು ಕೊಡ್ತಾ ಇಲ್ಯಾ?” ನಾನು ತಲೆ ತಗ್ಗಿಸಿ ದಾಟಿಹೋಗುತ್ತಿದ್ದೆ.

ಮುಂದಿನ ವರ್ಷ ಅವರಿಗೆ ಬಾಯಿಯ ಹುಣ್ಣು ಬಂತು. ಗೊತ್ತಲ್ಲ, ಆ ಹುಣ್ಣು. ದವಡೆ ಕೊಯ್ದರು. ಮಾತು ಹೋಯಿತು. ನೋಡಲು ಹೋಗದಿದ್ದರೆ ತಪ್ಪಾಗುತ್ತದೆಂದು ಒಂದು ಸಂಜೆ ಹೋದೆ. ಕೋಣೆಯ ಬಾಗಿಲಲ್ಲೇ ವಾಸನೆ ಹೊಡೆಯಿತು. ಗಲ್ಲದ ಕೆಳಗೆ ಬಟ್ಟೆ, ಬಟ್ಟೆಯ ತುಂಬ ಜೊಲ್ಲು. ಸೆರಗಿನಲ್ಲಿ ಮೂಗು ಮುಚ್ಚಿ ಸ್ಟೂಲಿನ ಮೇಲೆ ಕೂತೆ. ಅವರು ದಿಂಬಿನ ಪಕ್ಕದ ಫೋನು ತಡಕಿ ಏನೋ ಒತ್ತಿದರು. ನನ್ನದೇ ದನಿ. ಹುಡುಗಿ ದಡಕ್ಕೆ ಬಂದಳು, ದೋಣಿಯವನು ನತ್ತು ಕೇಳಿದ, ಹಾಡು ನಿಂತಿತು. ಫೋನನ್ನು ನನ್ನ ಕಡೆ ಚಾಚಿ ಹಿಡಿದರು.

ನಾನು ಕಿಟಕಿಯ ಕಡೆ ತಿರುಗಿ ಕೂತೆ. ಹಾಡಲು ಸೆರಗು ಬಿಡಲೇಬೇಕಾಯಿತು. ಹುಡುಗಿ ನತ್ತು ಬಿಚ್ಚಿ ದೋಣಿಯವನಿಗೆ ಕೊಡಲಿಲ್ಲ, ಹೊಳೆಗೇ ಬಾಗಿನವೆಂದು ಬಿಟ್ಟಳು. ಹೊಳೆ ಮೊಣಕಾಲಿಗೆ ಇಳಿದು ದಾರಿ ಕೊಟ್ಟಿತು. ಬಚ್ಚಲಿನ ದನಿಯಲ್ಲಿ ಶುರು ಮಾಡಿದ್ದೆ. ಮುಗಿಯುವಾಗ ಅಡುಗೆಮನೆಯಿಂದ ಅವರ ಹೆಂಡತಿ ದಿನಾ ಕೇಳಿ ಬಾಯಿಗೆ ಬಂದಿದ್ದ ಸೊಲ್ಲು ಸೇರಿಸಿದ್ದಳು. ತಿರುಗಿ ನೋಡಿದರೆ ಭಾವ ನಗಲು ನೋಡುತ್ತಿದ್ದರು, ಅರ್ಧ ಬಾಯಿಯಿಂದ ಕೆಂಪು ನೀರು ಇಳಿಯುತ್ತಿತ್ತು. ಥೂ, ನೋಡಲಾರದೆ ಎದ್ದುಬಿಟ್ಟೆ.

ಆ ವಾರವೇ ಹೋದರು. ಅವರನ್ನು ನೆನೆದರೆ ಇವತ್ತಿಗೂ ನನಗೆ ಅಸಹ್ಯವೇ, ಅದರಲ್ಲಿ ಸುಳ್ಳು ಬರೆಯಲಾರೆ. ಆದರೆ ಆಗ ನನ್ನ ಹಾಡನ್ನು ಇನ್ನೂ ಬೇಕು ಎಂದು ಕೇಳಿದವರು ಈ ಲೋಕದಲ್ಲಿ ಅವರೊಬ್ಬರೇ. ಈಗ ನೀವು ಫೋನು ಮಾಡಿ ಕೇಳಿದರೆ ನಮ್ಮ ಜಗಲಿಯಲ್ಲೇ ಕೂತು ಹಾಡುತ್ತೇನಲ್ಲ, ಆ ಋಣ ಅವರದು.