ಆಂಬಿಷನ್ನಿಗೆ ಇಸ್ತ್ರಿ ಹಾಕಿದ್ದು

1991ರಲ್ಲಿ, ಏಳನೇ ಕ್ಲಾಸಿನ ನಡುವೆಯೇ, ನಾನು ಓದು ಬಿಟ್ಟೆ. ಅದಕ್ಕೇ ಇರಬೇಕು, ಯಾರಾದರೂ ಇಂಗ್ಲಿಷ್ ಪದ ಎಸೆದರೆ ಹಿಡಿದು, ತಿರುವಿಹಾಕಿ, ಸುಕ್ಕು ಎಲ್ಲಿದೆ ಅಂತ ನೋಡುವ ಚಾಳಿ. ಇಸ್ತ್ರಿಯವನಿಗೆ ಬೇರೆ ದೃಷ್ಟಿ ಎಲ್ಲಿಂದ ಬರಬೇಕು?

ಹೋದ ತಿಂಗಳು ಪದ ಎಸೆದವಳು ನನ್ನ ಮಗಳು ಚೈತ್ರ. ತಿಲಕ್ ನಗರದಲ್ಲಿ ಪುಟ್ಟ ಅಂಗಡಿಯೊಂದು ಬಾಡಿಗೆಗಿತ್ತು. ತಳ್ಳುಗಾಡಿ ಬಿಟ್ಟು ಅಲ್ಲಿ ಕೂತ್ಕೊ ಅಂತ ಅವಳ ಹಟ. ಮನೆಮನೆ ಸುತ್ತಿ ಬಟ್ಟೆ ತರುವವನು ನಾನು, ಕೂತರೆ ಯಾರು ಬರ್ತಾರೆ ಅಂದೆ.

"ಅಪ್ಪಾ, ನಿಂಗೆ ಆಂಬಿಷನ್ನೇ ಇಲ್ಲ!"

ಇಪ್ಪತ್ತೆಂಟು ವರ್ಷ ಜಯನಗರದ ಮೆಟ್ಟಿಲು ಹತ್ತಿ ಇಳಿದವನಿಗೆ ಈ ಮಾತು!

ಮಾರನೇ ದಿನ ಬಟ್ಟೆ ತರಲು ಹೋದಾಗ, ರಿಟೈರಾದ ಇಂಗ್ಲಿಷ್ ಮೇಡಂ ಒಬ್ಬರನ್ನು ಕೇಳಿಯೇಬಿಟ್ಟೆ. ಕನ್ನಡದಲ್ಲಿ ಮಹತ್ವಾಕಾಂಕ್ಷೆ ಅಂದರು. ಆರು ಗಜದ ರೇಷ್ಮೆ ಸೀರೆಯಂಥ ಪದ, ನನ್ನ ಮೇಜಿನ ಎರಡೂ ಕಡೆ ಜೋತುಬೀಳುತ್ತೆ. ಮೂಲ ಏನು ಮೇಡಂ, ಅಂದೆ. ದಪ್ಪ ಡಿಕ್ಷನರಿ ತೆಗೆದರು. ಲ್ಯಾಟಿನ್ನಿನಲ್ಲಿ ಅದಕ್ಕೆ ಸುತ್ತಾಡುವುದು ಅಂತಲೇ ಅರ್ಥವಂತೆ! ಹಳೇ ರೋಮಿನಲ್ಲಿ ಚುನಾವಣೆಗೆ ನಿಂತವರು ಬೆಳ್ಳಗಿನ ಬಟ್ಟೆ ತೊಟ್ಟು, ಓಟು ಕೇಳುತ್ತಾ ಊರು ಸುತ್ತುತ್ತಿದ್ದರಂತೆ.

"ಆ ಬಟ್ಟೆ ಯಾರು ಮೇಡಂ ಇಸ್ತ್ರಿ ಮಾಡ್ತಿದ್ರು?"

"ಅದನ್ನ ಇದ್ರಲ್ಲಿ ಬರ್ದಿಲ್ವಲ್ಲಪ್ಪಾ!" ಅಂತ ನಕ್ಕರು.

ನೋಡಿ, ಪುಸ್ತಕ ಬರೆಯುವವರಿಗೆ ಬಟ್ಟೆ ಕಾಣುತ್ತೆ, ಮಡಿಕೆ ಕಾಣಲ್ಲ.

ಅವತ್ತು ನಾನು ಗಾಡಿ ತಳ್ಳಿದ್ದು ಮೆರವಣಿಗೆ ಹೊರಟ ಹಾಗೆ. ಸುತ್ತುವುದೇ ಆಂಬಿಷನ್ ಆದರೆ ಈ ಬಡಾವಣೆಯಲ್ಲಿ ನನ್ನನ್ನು ಮೀರಿಸುವವರು ಯಾರು? ಹಾಲಿನವನು ಇದ್ದಾನೆ, ಆದರೆ ಅವನದು ಸ್ಕೂಟರ್. ಮನೆಗೆ ಬಂದವನೇ ಮಗಳಿಗೆ ರೋಮಿನ ಕಥೆಯೆಲ್ಲ ಒಪ್ಪಿಸಿದೆ.

ಅವಳು ನನ್ನ ಊದಿದ ಮಂಡಿಗೆ ಎಣ್ಣೆ ತಿಕ್ಕುತ್ತಾ ಕೇಳಿಸಿಕೊಂಡಳು.

"ಸರಿ, ಗೆದ್ದ ಮೇಲೂ ಸುತ್ತುತ್ತಾನೇ ಇದ್ರಾ? ಇಲ್ಲ ಕುರ್ಚಿ ಮೇಲೆ ಕೂತ್ಕೊಂಡ್ರಾ ಅಪ್ಪಾ?"

ಇದನ್ನು ಮೇಡಂ ಹತ್ತಿರ ಕೇಳಿರಲಿಲ್ಲ. ಕೇಳುವುದೇನು, ಗೆದ್ದವರನ್ನು ನಾವು ನೋಡಿಲ್ಲವೇ! ಇಷ್ಟು ದಿನ ಅವಳು ಆಡುತ್ತಿದ್ದುದು ಮಂಡಿಯ ಮಾತು ಅಂತ ಆಗ ಹೊಳೆಯಿತು. ಎಣ್ಣೆ ಹಚ್ಚಿಸಿಕೊಳ್ಳುತ್ತಾ ವಾದ ಹೇಗೆ ಮಾಡಲಿ?

ಈ ತಿಂಗಳು ಅಂಗಡಿ ಹಿಡಿದೆ. ಬೆಳಿಗ್ಗೆಯ ಒಂದು ಸುತ್ತು ಮಾತ್ರ ಉಳಿಸಿಕೊಂಡಿದ್ದೇನೆ. ಈಗ ನನಗಿರುವುದು ಒಬ್ಬಳು ಮಗಳು, ಒಂದು ಅಂಗಡಿ, ಎರಡು ಇಸ್ತ್ರಿ ಪೆಟ್ಟಿಗೆ, ನಲವತ್ತು ಮನೆ, ಎರಡು ಮಂಡಿ, ಮಗಳು ತಂದುಕೊಟ್ಟ ಒಂದು ಕುರ್ಚಿ. ಕುರ್ಚಿ ಮೇಲೆ ಸದ್ಯಕ್ಕೆ ಬಟ್ಟೆ ಇದೆ.