ಗಿರಣಿ ಕಾಕಾನ ಉತಾರ

ಹೋದ ವಾರ ಹೆಂಡತಿ ಜೋಳದ ಡಬ್ಬಿ ಕೈಗಿಟ್ಟು ಗಿರಣಿಗೆ ಕಳಿಸಿದಳು. ರಾಮದುರ್ಗದಲ್ಲಿ ನಮ್ಮ ಓಣಿಯ ಗಿರಣಿ ಹೊಸದು, ಗೋಡೆಗೆಲ್ಲ ಬಿಳಿ ಟೈಲ್ಸು. ಬೀಸಿದ ಹಿಟ್ಟಿನ ಡಬ್ಬಿಯನ್ನು ಎದೆಗೊತ್ತಿ ಹಿಡಿದೆ, ಇನ್ನೂ ಬಿಸಿಯಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಇದ್ದಿಲಿನಲ್ಲಿ ಬರೆದ ತಾರೀಖನ್ನು ನನ್ನ ಕಣ್ಣು ಆ ಟೈಲ್ಸಿನ ಮೇಲೆ ಹುಡುಕತೊಡಗಿತು… ಅಲ್ಲಿ ಏನೂ ಇರಲಿಲ್ಲ.

ನಮ್ಮೂರು ಸಂಪಗಾಂವದ ಆಚೆ. ಮನೆಯ ಎದುರಿಗೇ ಗಿರಣಿ, ಅದರ ಮಾಲೀಕ ಓಣಿಗೆಲ್ಲ ಗಿರಣಿ ಕಾಕಾ. ನಮಗೆ ಸಂಬಂಧಿಕನೇನಲ್ಲ. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಹಿಟ್ಟು. ಈತ ಹುಟ್ಟುವಾಗಲೇ ಮುದುಕನಾಗಿದ್ದ ಅಂತ ಚಿಕ್ಕಂದಿನಲ್ಲಿ ನಂಬಿದ್ದೆ. ಗಿರಣಿಯ ಗದ್ದಲಕ್ಕೆ ರೂಢಿಯಾಗಿ ಕೂಗಿಯೇ ಮಾತಾಡುತ್ತಿದ್ದ, ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತಿತ್ತು. ಊರ ಹೊರಗೆ ಎರಡೆಕರೆ ಕರಿಮಣ್ಣಿನ ಎರಿ ಹೊಲ ಇತ್ತು, ಅವನೊಬ್ಬನ ಹೆಸರಿನಲ್ಲಿ.

ಇಪ್ಪತ್ನಾಲ್ಕರ ವಯಸ್ಸಿನಲ್ಲಿ ನಾನು ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬನ ಕೈ ಮುರಿದೆ. ಸೀಟಿಗೆ ಮೊದಲು ಟವೆಲ್ ಹಾಕಿದ್ದು ನಾನೋ ಅವನೋ ಎಂಬ ಜಗಳ. ಅಷ್ಟಕ್ಕೆ ಕಟ್ಟಿಗೆ ಎತ್ತಿಕೊಂಡವನು ನಾನೇ, ಅದರಲ್ಲಿ ಸುಳ್ಳಿಲ್ಲ. ಪೊಲೀಸರು ಹಿಡಿದರು, ಜೈಲಾಯಿತು. ಕೆಲವು ದಿನಕ್ಕೆ ಬೇಲ್ ಮಂಜೂರಾಯಿತು ಎಂದು ಅಣ್ಣ ಪೇಢಾ ತರಲು ಹೊರಟಿದ್ದನಂತೆ. ವಕೀಲರು ತಡೆದರು.

"ಬೇಲ್ ಆಗೈತಿ ಖರೆ, ನಿನ್ನ ತಮ್ಮ ಇನ್ನೂ ಹೊರಗ ಬಂದಿಲ್ಲ. ಜಾಮೀನು ನಿಲ್ಲವ್ರು ಒಬ್ಬರು ಬೇಕು. ಸ್ವಂತ ಹೆಸರಿನ ಉತಾರ ತರಬೇಕು, ಅದರ ಮ್ಯಾಲ ಬೋಜಾ ಇರಬಾರದು."

ಉತಾರ ಅಂದರೆ ನಮ್ಮ ಕಡೆ ಹೊಲದ ಪಹಣಿ. ಬ್ಯಾಂಕಿನದೋ ಕೋರ್ಟಿನದೋ ಹೊರೆ ಅದರಲ್ಲಿ ನಮೂದಾಗಿದ್ದರೆ ಅದು ಬೋಜಾ. ಅಣ್ಣ ಉತಾರ ಕೇಳುತ್ತ ಬೀಗರ ಮನೆಗಳನ್ನೆಲ್ಲ ಸುತ್ತಿದ. ಒಬ್ಬರದು ಜಂಟಿ ಉತಾರ, ಇನ್ನೊಬ್ಬರದಕ್ಕೆ ಬೋಜಾ. ಸೋದರಮಾವ ಮನೆಯಲ್ಲೇ ಇರಲಿಲ್ಲ. ಅವನ ಚಪ್ಪಲಿ ಮಾತ್ರ ಹೊಸ್ತಿಲ ಹತ್ತಿರ ಇತ್ತು. ಕೋರ್ಟಿನ ಗೇಟಿನಲ್ಲಿ ಇಸ್ತ್ರಿ ಅಂಗಿಯವನೊಬ್ಬ ಅಣ್ಣನನ್ನು ಪಕ್ಕಕ್ಕೆ ಕರೆದ.

"ನಮ್ಮ ಕಡೆ ಮಂದಿ ಅದಾರ್ರಿ, ಉತಾರ ಸಮೇತ ಬರತಾರ. ತಮ್ಮನ ಹೆಸರಷ್ಟ ಹೇಳ್ರಿ, ಬಾಯಿಪಾಠ ಮಾಡತಾರ."

ಅಣ್ಣ ತಲೆಯಾಡಿಸುವುದರಲ್ಲಿದ್ದ. ವಕೀಲರಿಗೆ ಗೊತ್ತಾಗಿ, "ಆ ಉತಾರ ಖೊಟ್ಟಿ ಅಂತ ತಿಳದ್ರ ತಮ್ಮ ಒಳಗ ಉಳೀತಾನ, ಜೊತಿಗೆ ನೀನೂ ಹೋಗ್ತಿ" ಎಂದು ಬೈದರು.

ಅವ್ವ ಮರುದಿನ ಜೋಳ ಹೊತ್ತು ಗಿರಣಿಗೆ ಹೋದಳು. ಏನಾತು ಎಂದು ಕಾಕಾ ಕೇಳಿದ, ಅವಳು ಹೇಳಿದಳು. ಆತ ಜೋಳ ಅರ್ಧ ಬೀಸಿದ್ದಾಗಲೇ ಮೋಟಾರು ಬಂದ್ ಮಾಡಿ, ಟ್ರಂಕಿನಿಂದ ಉತಾರ ತೆಗೆದು, ಮುಖ ತೊಳೆಯದೆ ಬೈಲಹೊಂಗಲದ ಬಸ್ ಹತ್ತಿದನಂತೆ. ಆರೋಪಿ ನಿಮಗೇನಾಗಬೇಕು ಎಂದು ಜಡ್ಜ್ ಸಾಹೇಬರು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರವನ್ನು ಅಣ್ಣ ಇಂದಿಗೂ ಅನುಕರಿಸಿ ತೋರಿಸುತ್ತಾನೆ.

"ಏನೂ ಆಗಂಗಿಲ್ರಿ. ಇವರ ಮನಿ ಹಿಟ್ಟು ನಾ ಬೀಸತೇನಿ!"

ಕೋರ್ಟೆಲ್ಲ ನಕ್ಕಿತಂತೆ. ಅವನು ತಾರೀಖಿಗೆ ತಪ್ಪಿಸಿದರೆ ನಿಮ್ಮ ಹೊಲದ ಮೇಲೆ ಬರುತ್ತದೆ, ಗೊತ್ತೇ ಎಂದರು ಸಾಹೇಬರು. "ಗೊತ್ತೈತ್ರಿ. ಬರತಾನ" ಎಂದು ಕೂಗಿ ಹೇಳಿ ರುಜು ಹಾಕಿದ. ಅವತ್ತು ಸಂಜೆ ನಾನು ಮನೆಯ ರೊಟ್ಟಿ ತಿಂದೆ. ಕಾಕಾನ ಉತಾರದಲ್ಲಿ ಕೋರ್ಟಿನ ಜಾಮೀನು ಎಂಬ ಸಾಲು ಸೇರಿತು.

ಕೇಸು ವರ್ಷಗಟ್ಟಲೆ ನಡೆಯಿತು. ನನ್ನ ಪ್ರತಿ ತಾರೀಖನ್ನೂ ಕಾಕಾ ಗಿರಣಿಯ ಗೋಡೆಯ ಮೇಲೆ ಇದ್ದಿಲಿನಿಂದ ದಪ್ಪಗೆ ಬರೆಯುತ್ತಿದ್ದ. ಬೀಸಲು ಬಂದ ಹೆಂಗಸರೆಲ್ಲ ಓದಿ, "ಬುಧವಾರ ನಿಂದು ಕೋರ್ಟ್ ಐತೇನೋ?" ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಒಮ್ಮೆ ಒದ್ದೆ ಅರಿವೆಯಿಂದ ಒರೆಸಿಯೂ ಬಿಟ್ಟೆ. ಬೆಳಿಗ್ಗೆ ನೋಡಿದರೆ ಮೊದಲಿಗಿಂತ ದೊಡ್ಡದಾಗಿ ಬರೆದಿದ್ದ! ಹದಿನೈದು ದಿನ ಅವನ ಜೊತೆ ಮಾತು ಬಿಟ್ಟೆ. ಆದರೆ ಒಂದು ತಾರೀಖೂ ತಪ್ಪಲಿಲ್ಲ, ಆ ಗೋಡೆಯ ದಯೆಯಿಂದ.

ಕೊನೆಗೆ ರಾಜಿಯಾಗಿ ಕೇಸು ಮುಗಿಯಿತು. ಕಾಕಾ ಪೇಢಾ ತಿಂದು, ಗೋಡೆಗೆ ಸುಣ್ಣ ಬಳಿದ. ವಕೀಲರು ಮಾತ್ರ ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದ್ದರು: ಜಾಮೀನು ಬಿಡುಗಡೆಯ ಆದೇಶ ಕೇಳಿ ಪಡೆದು, ಅದರ ನಕಲು ತಹಶೀಲ್ದಾರ ಕಚೇರಿಗೆ ಕೊಟ್ಟು, ಉತಾರದ ಆ ಸಾಲು ತೆಗೆಸಬೇಕು, ಅದು ತಾನಾಗಿ ಹೋಗುವುದಿಲ್ಲ. ಹೂಂ ಎಂದೆ. ಆ ತಿಂಗಳೇ ರಾಮದುರ್ಗದ ಬೀಜದ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಬಂದುಬಿಟ್ಟೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರಲ್ಲ, ಅದು ನನಗಾಗಿಯೇ ಹುಟ್ಟಿದ ಮಾತು.

ಎರಡು ವರ್ಷದ ಮೇಲೆ ಕಾಕಾ ಅಂಗಡಿಗೆ ಬಂದ. ಸವದತ್ತಿಯಲ್ಲಿ ಬಸ್ ಬದಲಿಸಿ ಬಂದಿದ್ದ, ಹುಬ್ಬಿನಲ್ಲಿ ಹಿಟ್ಟಿತ್ತು. ಗಂಡನ ಮನೆ ಬಿಟ್ಟು ಬಂದ ಮಗಳ ಹೆಸರಿಗೆ ಅರ್ಧ ಎಕರೆ ಮಾಡಿಸಬೇಕೆಂದು ನೋಂದಣಿ ಕಚೇರಿಗೆ ಹೋಗಿದ್ದನಂತೆ. ಉತಾರದಲ್ಲಿ ನನ್ನ ಜಾಮೀನು ಹಾಗೇ ಇದೆ, ಆಗುವುದಿಲ್ಲ ಎಂದಿದ್ದರು.

"ನಾ ಇರೂತನಕಾ ಆಕಿ ಅಣ್ಣಗೋಳು ಆಕೀನ್ನ ನೋಡ್ಕೊಂತಾರ. ಮುಂದ ಯಾರು ಹೇಳಾವ್ರು? ಆ ಕೋರ್ಟಿಂದೊಂದು ಕಾಗದ ತಂದುಕೊಡಪಾ" ಎಂದ.

ಅವತ್ತು ಮೊದಲ ಸಲ ಅವನು ಮೆಲ್ಲಗೆ ಮಾತಾಡಿದ್ದ. ಗಿರಾಕಿಗಳ ಎದುರು ಕೋರ್ಟಿನ ಸುದ್ದಿ ಬಂತಲ್ಲ ಎಂದು ನಾನು ಸಿಡಿಮಿಡಿಗೊಂಡೆ.

"ಬರೋ ಸೋಮವಾರ ಬರತೇನಿ ಕಾಕಾ, ನೀ ನಡಿ."

ಚಹಾ ಕೂಡ ಕುಡಿಸಲಿಲ್ಲ. ಆ ಸೋಮವಾರ ಬಿತ್ತನೆ ಬೀಜದ ಗದ್ದಲವಿತ್ತು, ಹೋಗಲಿಲ್ಲ. ಮುಂದಿನ ಸೋಮವಾರಕ್ಕೆ ನೆಪವೂ ಬೇಕಾಗಲಿಲ್ಲ. ಚಳಿಗಾಲದಲ್ಲಿ ಅಣ್ಣ ಫೋನ್ ಮಾಡಿ, ಗಿರಣಿ ಕಾಕಾ ಹೋದ ಎಂದ… ಯಾವ ಮುಖ ಹೊತ್ತು ಹೋಗಲಿ? ಮಣ್ಣಿಗೂ ಹೋಗಲಿಲ್ಲ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಜಾತಿ ನಾನು. ಅವನು ಸತ್ತು ವರ್ಷ ತುಂಬಿದ ಮೇಲೆ ಆ ಕಾಗದಕ್ಕೆ ಓಡಾಡಿದೆ. ಎರಡು ಸಲ ಕೋರ್ಟಿಗೆ, ಒಂದು ಸಲ ತಹಶೀಲ್ದಾರ ಕಚೇರಿಗೆ. ಕೆಲಸ ಅಷ್ಟೇ ಇತ್ತು. ಸಾಲು ತೆಗೆದ ಹೊಸ ಉತಾರ ಹಿಡಿದು ಊರಿಗೆ ಹೋದೆ. ಗಿರಣಿಯಲ್ಲಿ ಮೋಟಾರು ಇರಲಿಲ್ಲ. ಮಗಳು ಅಲ್ಲೇ ಒಲೆ ಹೂಡಿ, ಬೈಲಹೊಂಗಲದ ಖಾನಾವಳಿಗಳಿಗೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈ ಒರೆಸಿಕೊಂಡು ಉತಾರವನ್ನು ಮೇಲಿಂದ ಕೆಳಗೆ ಓದಿದಳು.

"ಅಪ್ಪನ ಹೆಸರು ಎಲ್ಲೈತ್ರಿ?"

ಇರಲಿಲ್ಲ. ಆ ಸಾಲು ಹೋಯಿತೇ ಎಂದಷ್ಟೇ ನಾನು ನೋಡಿದ್ದೆ. ವಾರಸಾ ಆಗಿ, ಅಂದರೆ ಹೊಲ ವಾರಸುದಾರರಿಗೆ ದಾಟಿ, ಅವಳ ಇಬ್ಬರು ಅಣ್ಣಂದಿರ ಹೆಸರಿತ್ತು. ತನ್ನ ಹಕ್ಕು ಬಿಟ್ಟೆ ಎಂದು ದಿನಕರ್ಮದ ವಾರವೇ ಇವಳ ಕಡೆಯಿಂದ ಸಹಿ ಹಾಕಿಸಿಕೊಂಡಿದ್ದರಂತೆ.

"ಛಲೋ ಆತು ಬಿಡ್ರಿ. ಅಣ್ಣಗೋಳು ಹೊಲ ಮಾರಾಕ ಗಿರಾಕಿ ನೋಡಾಕ ಹತ್ಯಾರ. ಇದೊಂದು ಅಡಚಣಿ ಇತ್ತು" ಎಂದು ಕಾಗದ ಮಡಚಿ ನನಗೇ ವಾಪಸು ಕೊಟ್ಟಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ತಲೆಯೆತ್ತಿದಾಗ ಗೋಡೆ ಕಂಡಿತು. ಸುಣ್ಣ ಬಳಿದ ಗೋಡೆಯ ಮೇಲೆ ಒಂದೇ ಒಂದು ತಾರೀಖು, ಇದ್ದಿಲಿನಲ್ಲಿ. ಪಕ್ಕದಲ್ಲಿ ಸೋಮವಾರ ಎಂದು ಬರೆದು, ಕೆಳಗೆ ಗೆರೆ ಎಳೆದಿದ್ದ.

"ಅವತ್ತ ಅಪ್ಪ ಗಿರಣಿ ಬಂದ್ ಇಟ್ಟು ನಿಮ್ಮ ದಾರಿ ನೋಡಿದ್ದ" ಎಂದು ಅವಳು ಒಲೆಯ ಕಡೆ ತಿರುಗಿದಳು.

ಹೋದ ವಾರ ಡಬ್ಬಿ ಹೊತ್ತು ಮನೆಗೆ ಬಂದಾಗ, "ಕಣ್ಣಾಗ ಹಿಟ್ಟು ಬಿತ್ತೇನ್ರಿ?" ಎಂದಳು ಹೆಂಡತಿ. ಹೂಂ ಎಂದೆ. ಆ ಉತಾರ ಈಗಲೂ ನನ್ನ ಕಪಾಟಿನಲ್ಲಿದೆ. ಹೊಲ ಕಳೆದ ವರ್ಷ ಮಾರಾಟವಾಯಿತು. ಬರತಾನ ಎಂದು ಕಾಕಾ ತುಂಬಿದ ಕೋರ್ಟಿನಲ್ಲಿ ಕೂಗಿ ಹೇಳಿದ್ದ… ಕೋರ್ಟಿನ ತಾರೀಖಿಗೆಲ್ಲ ಹೋದೆ. ನಾನೇ ಅವನಿಗೆ ಕೊಟ್ಟಿದ್ದ ಒಂದೇ ತಾರೀಖಿಗೆ ಹೋಗಲಿಲ್ಲ.