ವಿಭೂತಿ ಹಚ್ಚಿದ ಡಿಸ್ಕ್

ಅಫಜಲಪುರದ ಬಸ್‌ಸ್ಟ್ಯಾಂಡಿನ ಕಡೆ ಯಾರನ್ನಾದರೂ ದಿಲೀಪನ ಬಗ್ಗೆ ಕೇಳಿ ನೋಡಿ. ಗುರಣ್ಣನ ಮಗಳ ವಿಡಿಯೋ ಅಳಿಸಿದವನಲ್ಲವೇ ಅನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಾನು ಖಾಸೀಂಬಿ, ಗುರಣ್ಣನ ಫೋಟೋ ಸ್ಟುಡಿಯೋದ ಪಕ್ಕದ ಮಳಿಗೆಯಲ್ಲಿ ಜಂಪರ್ ಹೊಲಿಯುವವಳು. ಗುರಣ್ಣ ಇರುವ ತನಕ ಬಾಯಿ ಬಿಗಿ ಹಿಡಿದಿದ್ದೆ. ಈ ಬೇಸಿಗೆಯಲ್ಲಿ ಅವರು ಹೋದರು. ಇನ್ನು ಯಾರಿಗಾಗಿ ಸುಮ್ಮನಿರಲಿ?

ದಿಲೀಪ ಚೌಡಾಪುರದವನು. ತಂದೆ ಇಲ್ಲ. ತಾಯಿ ಮಧುಮತಿ ಕೂಲಿ ಮಾಡಿ ಡಿಪ್ಲೊಮಾ ಓದಿಸಿದಳು. ಸ್ಟುಡಿಯೋಕ್ಕೆ ಬಂದ ಹೊಸದರಲ್ಲಿ ಮದುವೆ ಮನೆಗಳಲ್ಲಿ ಲೈಟ್ ಹಿಡಿದು ನಿಲ್ಲುತ್ತಿದ್ದ. ಗಿರಾಕಿಗಳ ಪೆನ್‌ಡ್ರೈವ್‌ಗಳಿಂದ ಕಂಪ್ಯೂಟರಿಗೆ ವೈರಸ್ ಹತ್ತಿ ಹತ್ತಿ ಗುರಣ್ಣ ತಲೆ ಚಚ್ಚಿಕೊಳ್ಳುತ್ತಿದ್ದಾಗ, ವಿಂಡೋಸ್ ತೆಗೆದು, ಕಾಲೇಜಿನಲ್ಲಿ ಕಲಿತ ಲಿನಕ್ಸ್ ಹಾಕಿ ಆ ಕಾಟ ತಪ್ಪಿಸಿದ. ಅಂದಿನಿಂದ ಮಷಿನ್ ಅವನ ಕೈಗೆ ಬಂತು. ಕಪ್ಪು ಪರದೆಯ ಮೇಲೆ ಅವನು ಏನೇನೋ ಟೈಪ್ ಮಾಡುತ್ತಿದ್ದರೆ ಗುರಣ್ಣ ಹಿಂದೆ ನಿಂತು ಮೀಸೆ ತಿರುವುತ್ತಿದ್ದರು, ತಾವೇ ಟೈಪ್ ಮಾಡಿದವರ ಹಾಗೆ.

ಗುರಣ್ಣನಿಗೆ ಒಬ್ಬಳೇ ಮಗಳು, ಶೈಲಶ್ರೀ. ಜೇವರ್ಗಿಗೆ ಕೊಟ್ಟಿದ್ದರು. ಮದುವೆಯಾಗಿ ವರ್ಷ ತುಂಬುವ ಮೊದಲೇ ಜ್ವರ ಬಂದು ತೀರಿಕೊಂಡಳು. ಅವಳ ಫೋಟೋಗಳು ಗೋಡೆ ತುಂಬ ಇದ್ದವು, ಆದರೆ ದನಿ ಉಳಿದದ್ದು ಒಂದೇ ವಿಡಿಯೋದಲ್ಲಿ. ನಿಶ್ಚಯದ ದಿನ ದಿಲೀಪನ ಕೈಯಿಂದ ಕ್ಯಾಮೆರಾ ಕಸಿದುಕೊಂಡು ಅಪ್ಪನನ್ನೇ ಶೂಟ್ ಮಾಡಿದ್ದಳು. ಊರವರ ಫೋಟೋ ತೆಗೆಯುವ ಗುರಣ್ಣನಿಗೆ ತನ್ನ ಫೋಟೋಕ್ಕೆ ನಿಲ್ಲಲು ಬರುತ್ತಿರಲಿಲ್ಲ. "ಅಪ್ಪಾ, ಹೊಟ್ಟಿ ಒಳಗ ತಗೋ, ಸ್ವಲ್ಪ ನಗು" ಅನ್ನುತ್ತಾ ಅವಳೇ ನಗುತ್ತಾಳೆ. ಪ್ರತಿ ಸೋಮವಾರ ಅಂಗಡಿ ತೆಗೆದ ಕೂಡಲೇ ಅದನ್ನು ಹಚ್ಚಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ನನ್ನ ಹೊಲಿಗೆ ಮಷಿನಿನ ಸದ್ದು ಅಡ್ಡ ಬರಬಾರದೆಂದು ನಾನು ಪೆಡಲ್ ಮೇಲಿಂದ ಕಾಲು ತೆಗೆಯುತ್ತಿದ್ದೆ.

ಕಂಪ್ಯೂಟರಿನೊಳಗಿನ ಒಂದೇ ಡಿಸ್ಕನ್ನು ನಂಬಿ ಕೂರಬಾರದು, ಇನ್ನೊಂದು ತಂದು ಅದರಲ್ಲೂ ಶೈಲಶ್ರೀಯ ವಿಡಿಯೋ ಇಡೋಣ ಎಂದು ದಿಲೀಪ ಬೆನ್ನು ಬಿದ್ದಿದ್ದ. ದಸರೆಯ ಮುಂಚೆ ಗುರಣ್ಣ ಕಲಬುರಗಿಯಿಂದ ತಂದರು. ಹಳೆಯದರ ಕಂಪನಿಯದೇ, ನೋಡಲು ಜೋಡಿ. ಅಂಗಡಿಯವನು ಪರೀಕ್ಷೆಗೆಂದು ಅದನ್ನು ವಿಂಡೋಸಿಗೆ ತಯಾರು ಮಾಡಿ ಕೊಟ್ಟಿದ್ದ. ಅದರ ಮೇಲೆ ಲಿನಕ್ಸಿನ ಹೊಸ ಫೈಲ್ ಸಿಸ್ಟಮ್ ಹಾಕಬೇಕಿತ್ತು. ಹಾಗೆಂದರೇನು ಎಂದು ನಾನು ಕೇಳಿದ್ದಕ್ಕೆ, ಹೊಲದ ಹಳೆಯ ಬದು ಕಿತ್ತು ಹೊಸ ಬದು ಹಾಕಿದಂತೆ ಅಂದ; ಆಮೇಲೆ ಯಾವುದು ಎಲ್ಲಿತ್ತು ಅನ್ನುವುದೇ ತಿಳಿಯುವುದಿಲ್ಲವಂತೆ. ಕಂಪ್ಯೂಟರಿನ ಡಬ್ಬಿಯೊಳಗೆ ಎರಡನೆಯ ವೈರ್‌ಗೆ ಹಳೆಯ ಡಿಸ್ಕ್ ಇತ್ತು, ಮೂರನೆಯದಕ್ಕೆ ದಿಲೀಪ ಹೊಸದನ್ನು ಹಚ್ಚಿದ. ಯಾವ ವೈರ್‌ಗೆ ಹಚ್ಚಿದೆಯೋ ಅದನ್ನು ನೋಡಿ ಅವರ ಮಷಿನ್ ಡಿಸ್ಕಿಗೆ ಹೆಸರು ಕೊಡುತ್ತಿತ್ತು.

ದಿಲೀಪ ಮೂರನೆಯದರ ಹೆಸರಿಗೆ ಆಜ್ಞೆ ಟೈಪ್ ಮಾಡಿದ. ಇದರಲ್ಲಿ ಈಗಾಗಲೇ ಒಂದು ಫೈಲ್ ಸಿಸ್ಟಮ್ ಇದೆ, ಮುಂದುವರಿಯಲೇ ಎಂದು ಮಷಿನ್ ಕೇಳಿತು. ಅಂಗಡಿಯವನು ಹಾಕಿದ್ದು ಅದು ಎಂದು ನಕ್ಕು ಹೂಂ ಒತ್ತುವಷ್ಟರಲ್ಲಿ ಗುರಣ್ಣ ಬಂದು ತಡೆದರು.

"ನಾಳಿ ಖಂಡೆ ಪೂಜಾ ಅದ. ಪೂಜಾ ಆಗಲಾರದ ಹೊಸಾ ಸಾಮಾನಕ್ಕ ಕೆಲಸ ಹಚ್ಚಬ್ಯಾಡ."

ಆಗಲೆಂದು ದಿಲೀಪ ಮಷಿನ್ ಬಂದ್ ಮಾಡಿದ. ದಿಲೀಪನ ಮನೆಯವರು ಬೌದ್ಧರು. ದಸರೆಗೆ ತಾಯಿಯನ್ನು ನಾಗಪುರದ ದೀಕ್ಷಾಭೂಮಿಗೆ ಕರೆದೊಯ್ಯುವುದು ಪ್ರತಿ ವರ್ಷದ ರೂಢಿ. ಗುರಣ್ಣನಿಗೆ ತನ್ನ ಪೂಜೆ, ಅವನಿಗೆ ತನ್ನ ಯಾತ್ರೆ. ಒಬ್ಬರದನ್ನು ಒಬ್ಬರು ಎಂದೂ ತಡೆದವರಲ್ಲ. ಆ ಸಂಜೆಯೇ ಹೊರಟ.

ಮರುದಿನ, ಆಯುಧಪೂಜೆಯಂದು, ನಾನು ಪ್ರಸಾದಕ್ಕೆ ಹೋಗಿ ಕೂತಿದ್ದೆ. ಗುರಣ್ಣ ಕ್ಯಾಮೆರಾ, ಲೈಟು, ಎರಡೂ ಡಿಸ್ಕು ಬಿಚ್ಚಿ ಒರೆಸಿ ಮಣೆಯ ಮೇಲಿಟ್ಟರು. ಮೂರು ಬೆರಳಿನಿಂದ ವಿಭೂತಿ ಎಳೆದು, ಹೂವಿಟ್ಟು, ಕಾಯಿ ಒಡೆದರು. ಆಮೇಲೆ ತಾವೇ ವೈರು ಹಚ್ಚಿದರು. ಎಷ್ಟು ಜೋಪಾನ, ಕೂಸಿಗೆ ಕುಲಾವಿ ಕಟ್ಟುವ ಹಾಗೆ.

ದಿಲೀಪ ವಾಪಸು ಬಂದವನು ಅದೇ ಆಜ್ಞೆ ಟೈಪ್ ಮಾಡಿದ. ಮಷಿನ್ ಅದೇ ಪ್ರಶ್ನೆ ಕೇಳಿತು. ಹೂಂ ಅಂದ.

ಸೋಮವಾರ ಬಂತು. ಗುರಣ್ಣ ಕಣ್ಣು ಮುಚ್ಚಿ ಕೂತರು. ನಾನೂ ಕಾಲು ತೆಗೆದೆ. ದನಿ ಬರಲಿಲ್ಲ. ದಿಲೀಪ ಡಬ್ಬಿ ಬಿಚ್ಚಿ ನೋಡಿದ. ಹಳೆಯ ಡಿಸ್ಕ್ ಮೂರನೆಯ ವೈರ್‌ಗಿತ್ತು, ಹೊಸದು ಎರಡನೆಯದಕ್ಕೆ. ಬಹಳ ಹೊತ್ತು ಆ ವಿಭೂತಿಯನ್ನೇ ನೋಡುತ್ತಿದ್ದು, ಮುಚ್ಚಳ ಹಾಕಿ ಎದ್ದು ನಿಂತ.

"ತಪ್ಪ ನಂದು ಅಣ್ಣಾರ. ನೋಡಲಾರದ ಅಳಿಸಿದೆ."

ಗುರಣ್ಣ ಬೈಯಲಿಲ್ಲ. ಗೋಡೆ ಹಿಡಿದು ಹೊರಗೆ ಹೋದರು. ಡಿಸ್ಕನ್ನು ಸೊಲ್ಲಾಪುರಕ್ಕೆ ಒಯ್ದು ತೋರಿಸಿದರೆ ಯಾರ್ಯಾರದೋ ಮದುವೆಯ ತುಂಡು ಫೋಟೋಗಳು ಸಿಕ್ಕವು. ಶೈಲಶ್ರೀ ಸಿಗಲಿಲ್ಲ. ಆಮೇಲೆ ಗುರಣ್ಣ ದಿಲೀಪನ ಮುಖ ನೋಡಲಿಲ್ಲ, ದಿಲೀಪನೂ ಅಂಗಡಿಯಲ್ಲಿ ನಿಲ್ಲಲಿಲ್ಲ. ಚೌಡಾಪುರದಲ್ಲಿ ಝೆರಾಕ್ಸ್ ಮಷಿನ್ ಇಟ್ಟುಕೊಂಡ. ಪೂಜೆಯ ದಿನ ಊರಲ್ಲಿ ಇರದವನು, ಅವನಿಗೇನು ನಿಷ್ಠೆ ಎಂದು ಜನ ಆಡಿಕೊಂಡರು.

ಬಿಟ್ಟು ಹೋಗುವ ದಿನ ನಾನು ಅವನನ್ನು ಹಿಡಿದು ಬೈದೆ, ಕಣ್ಣಿದ್ದೂ ಕುರುಡನಾದೆಯಾ ಎಂದು. ಆಗ, ಪೂಜೆಯ ದಿನ ಅಣ್ಣಾರ ಕೈಯಲ್ಲಿ ವೈರು ಅದಲುಬದಲಾದ ಸಂಗತಿ ಹೇಳಿದ. ಇದನ್ನು ಹೇಳಬಾರದಾ, ನೀನೊಬ್ಬನೇ ಯಾಕೆ ಹೊರುತ್ತೀ ಅಂದೆ.

"ಹೂಂ ಅಂದಾವ ನಾನಾ ಅಲ್ಲೇನು ಅಕ್ಕಾ. ಮಗಳ ದನಿ ತನ್ನ ಕೈಯಿಂದ ಹೋತು ಅಂತ ತಿಳದ್ರ ಅವರು ಉಳಿಯಂಗಿಲ್ಲ. ಸಿಟ್ಟು ನನ್ನ ಮ್ಯಾಲ ಇರಲಿ, ನನಗ ತಾಳಕಿ ಅದ."

ಮುಂದಿನ ಖಂಡೆ ಪೂಜೆಗೆ ಗುರಣ್ಣ ಮತ್ತೆ ಎಲ್ಲ ಬಿಚ್ಚಿ ಮಣೆಯ ಮೇಲಿಟ್ಟರು. ಏನೂ ಇಲ್ಲದ ಆ ಹಳೆಯ ಡಿಸ್ಕನ್ನೂ ಇಟ್ಟರು. ವಿಭೂತಿ ಹಚ್ಚಲು ಹೋದ ಕೈ ಅಲ್ಲೇ ನಿಂತಿತು. ನನ್ನ ಕಡೆ ತಿರುಗಿದರು.

"ಖಾಸೀಂಬಿ, ಹ್ವಾದ ವರ್ಷ ವೈರು ನಾನಾ ಹಚ್ಚಿದ್ನಲ್ಲ. ನೀ ಇಲ್ಲೇ ಕೂತಿದ್ದಿ. ಹ್ಯಾಂಗಿದ್ವು ಹಾಂಗೇ ಹಚ್ಚಿದ್ನಿಲ್ಲ?"

ಈ ಪ್ರಶ್ನೆ ಅವರೊಳಗೆ ಎಷ್ಟು ದಿನದಿಂದ ಇತ್ತೋ.

"ಹೌದ್ರಿ ಅಣ್ಣಾರ. ಹಾಂಗೇ ಹಚ್ಚೀರಿ."

"ಹಾಂಗಾರ ತಪ್ಪು ದಿಲೀಪಂದೇ."

ಹೌದೆಂದೆ. ಗುರಣ್ಣ ಉಸಿರು ಬಿಟ್ಟು ವಿಭೂತಿ ಎಳೆದರು.

ಸಂಜೆ ದಿಲೀಪನಿಗೆ ಫೋನ್ ಮಾಡಿ ಹೇಳಿದೆ. ಛಲೋ ಮಾಡಿದ್ರಿ ಅಕ್ಕಾ ಅಂದ, ಅಣ್ಣಾರು ಉಂಡರೇನು ಎಂದು ಕೇಳಿದ. ಉಂಡರು ಅಂದೆ. ಅವನು ಅಳುತ್ತಿರುವುದು ನನಗೆ ಕೇಳಿಸುತ್ತಿತ್ತು.